ಗ್ರಿನ್ಯಾರ್ ರಿಯೇಜೆಂಟ್ ಯಾವ ಗುಂಪಿನ ಜೊತೆ ಬಾಳುತ್ತದೆ, ಯಾವುದರ ಜೊತೆ ಬಾಳುವುದಿಲ್ಲ

ಗ್ರಿನ್ಯಾರ್ ರಿಯೇಜೆಂಟ್ ಅಂದರೆ ಕಾರ್ಬನ್‌ಗೆ ಮೆಗ್ನೀಸಿಯಮ್ ನೇರವಾಗಿ ಅಂಟಿದ, ಹೊಸ ಕಾರ್ಬನ್ ಬಂಧ ಕಟ್ಟಲು ಬಳಸುವ ವಸ್ತು. ಅದರ ಪಾಠ ಬಂದಾಗ, ಜೊತೆಗೆ ಯಾವ ಗುಂಪು ಇರಬಾರದು ಅಂತ ನಾವೆಲ್ಲ ಒಂದು ಪಟ್ಟಿ ಬಾಯಿಪಾಠ ಮಾಡುತ್ತೇವೆ. ಆಲ್ಕೋಹಾಲ್ ಇರಬಾರದು, ಆಮ್ಲ ಇರಬಾರದು, ಕೀಟೋನ್, ಎಸ್ಟರ್, ನೈಟ್ರೈಲ್, ನೈಟ್ರೋ ಇರಬಾರದು. ಪಟ್ಟಿಯೇನೋ ಸರಿ. ಆದರೆ ಅದರಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡಿದರೆ ಪಟ್ಟಿಯನ್ನು ನಾವೇ ಬರೆಯಬಹುದು, ಎಲ್ಲಿ ಮೀರಬಹುದು ಅನ್ನುವುದೂ ಗೊತ್ತಾಗುತ್ತದೆ.

ಮೊದಲನೆಯದು ಪ್ರೋಟಾನ್ ತೊಂದರೆ. ಕಾರ್ಬನ್–ಮೆಗ್ನೀಸಿಯಮ್ ಬಂಧದಲ್ಲಿ ಋಣ ಪಾಲು ಕಾರ್ಬನ್ ಮೇಲಿದೆ, ಹಾಗಾಗಿ ಅದು ಬಲವಾದ ಬೇಸ್, ಅಂದರೆ ಪ್ರೋಟಾನ್ ಕಿತ್ತುಕೊಳ್ಳುವಂಥದ್ದು. ಪಿಕೆಎ ನೋಡಿ (ಈ ಅಂಕಿ ಕಡಿಮೆ ಇದ್ದಷ್ಟೂ ಪ್ರೋಟಾನ್ ಸುಲಭವಾಗಿ ಬಿಟ್ಟುಹೋಗುತ್ತದೆ): ಆಲ್ಕೇನ್ ಸುಮಾರು 50, ಬೆಂಜೀನ್ ಸುಮಾರು 43, ತುದಿಯ ಆಲ್ಕೈನ್ 25, ಆಲ್ಕೋಹಾಲ್ 16ರ ಆಸುಪಾಸು, ಕಾರ್ಬಾಕ್ಸಿಲಿಕ್ ಆಮ್ಲ 5ರ ಹತ್ತಿರ. ಇಷ್ಟು ಅಂತರ ಇದ್ದರೆ ರಿಯೇಜೆಂಟ್ ಪ್ರೋಟಾನ್ ಕಿತ್ತುಕೊಂಡು ಸುಮ್ನೆ ಹೈಡ್ರೋಕಾರ್ಬನ್ ಆಗಿಬಿಡುತ್ತದೆ. ಇದು ಯಾವಾಗಲೂ ನಷ್ಟವೇ ಅಂತಲ್ಲ. ತುದಿಯ ಆಲ್ಕೈನ್‌ಗೆ ಈಥೈಲ್ ಮೆಗ್ನೀಸಿಯಮ್ ಬ್ರೋಮೈಡ್ ಹಾಕಿದರೆ ಈಥೇನ್ ಹೊರಹೋಗಿ ಆಲ್ಕೈನೈಲ್ ಗ್ರಿನ್ಯಾರ್ ಸಿಗುತ್ತದೆ, ಅದನ್ನು ಬೇಕಂತಲೇ ಹೀಗೆ ಮಾಡುತ್ತಾರೆ. ಕೀಟೋನ್ ಇರುವ ಅಣುವಿನಲ್ಲೇ ಒಂದು ಆಲ್ಕೋಹಾಲ್ ಇದ್ದರೆ ಒಂದು ಈಕ್ವಿವಲೆಂಟ್ (ಒಂದು ಅಣುವಿಗೆ ಒಂದರ ಲೆಕ್ಕದಷ್ಟು ರಿಯೇಜೆಂಟ್) ಜಾಸ್ತಿ ಹಾಕಿ, ಮೊದಲನೆಯದು ಪ್ರೋಟಾನ್‌ಗೆ ಹೋಗುತ್ತದೆ, ಎರಡನೆಯದು ಕೆಲಸ ಮಾಡುತ್ತದೆ. ರಿಯೇಜೆಂಟ್ ದುಬಾರಿಯಾದರೆ ಆಲ್ಕೋಹಾಲನ್ನು ಸಿಲೈಲ್ ಈಥರ್ ಆಗಿ ಮುಚ್ಚುವುದೇ (ಆ ಪ್ರೋಟಾನ್ ಜಾಗಕ್ಕೆ ಸಿಲಿಕಾನ್ ಗುಂಪು ಕೂರಿಸುವುದೇ) ಜಾಣತನ.

ಎರಡನೆಯದು ಎಲೆಕ್ಟ್ರೋಫೈಲ್ ತೊಂದರೆ, ಅಂದರೆ ಕಾರ್ಬೊನೈಲ್ (C=O) ತರಹದ ಎಲೆಕ್ಟ್ರಾನ್ ಕೊರತೆಯ ಜಾಗದ ಮೇಲೆ ರಿಯೇಜೆಂಟ್ ದಾಳಿ ಮಾಡುವುದು. ಅಸಲಿ ವಿಷಯ ಇರುವುದು ಇಲ್ಲೇ. ಪ್ರೋಟಾನ್ ಕೀಳುವುದನ್ನು ತಡೆಯುವುದು ತುಂಬಾ ಕಷ್ಟ, ಆದರೆ ಕಾರ್ಬೊನೈಲ್ ಮೇಲಿನ ದಾಳಿಗೆ ಒಂದು ವೇಗ ಇದೆ, ಆ ವೇಗ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಆಲ್ಡಿಹೈಡ್ ಎಲ್ಲಕ್ಕಿಂತ ಮುಂದೆ, ಆಮೇಲೆ ಕೀಟೋನ್, ಎಸ್ಟರ್ ಅದಕ್ಕಿಂತ ನಿಧಾನ. ಮೀಥೈಲ್ ಬೆಂಜೋಯೇಟ್‌ಗೆ ಫಿನೈಲ್ ಮೆಗ್ನೀಸಿಯಮ್ ಬ್ರೋಮೈಡ್ ಹಾಕಿದಾಗ ನಡುವೆ ಹುಟ್ಟುವ ಕೀಟೋನ್ ಎಸ್ಟರ್‌ಗಿಂತ ಚುರುಕು, ಅದಕ್ಕೇ ಪ್ರತಿಕ್ರಿಯೆ ಅಲ್ಲಿ ನಿಲ್ಲದೆ ಟ್ರೈಫಿನೈಲ್‌ಮೆಥನಾಲ್‌ವರೆಗೆ ಓಡುತ್ತದೆ.

ಎಸ್ಟರ್ ನಿಧಾನ ಅಂದಮೇಲೆ, ಎಸ್ಟರ್ ಇಟ್ಟುಕೊಂಡೇ ಗ್ರಿನ್ಯಾರ್ ಮಾಡಬಹುದಲ್ವಾ? ಸಾಮಾನ್ಯ ವಿಧಾನದಲ್ಲಿ ಬಲು ಕಷ್ಟ. ಮೆಗ್ನೀಸಿಯಮ್ ಚೂರುಗಳ ಜೊತೆ ಹ್ಯಾಲೈಡನ್ನು (ಬ್ರೋಮಿನ್, ಅಯೋಡಿನ್‌ನಂಥ ಹ್ಯಾಲೋಜನ್ ಇರುವ ಅಣುವನ್ನು) ಈಥರ್‌ನಲ್ಲಿ ಕುದಿಸಿದರೆ 35 ಡಿಗ್ರಿ, ಟಿಎಚ್‌ಎಫ್ ಅನ್ನುವ ಇನ್ನೊಂದು ದ್ರಾವಕದಲ್ಲಿ 66 ಡಿಗ್ರಿ. ಆ ಬಿಸಿಯಲ್ಲಿ ಹುಟ್ಟಿದ ರಿಯೇಜೆಂಟ್ ಪಕ್ಕದ ಅಣುವಿನ ಎಸ್ಟರನ್ನು ಬಿಡುವುದಿಲ್ಲ. ಅಂದರೆ ತೊಂದರೆ ಎಸ್ಟರ್‌ನದ್ದು ಮಾತ್ರ ಅಲ್ಲ, ತಯಾರಿಸುವ ಬಿಸಿಯದ್ದೂ ಹೌದು.

ಇದಕ್ಕೆ ಪರಿಹಾರ ಹ್ಯಾಲೋಜನ್–ಮೆಗ್ನೀಸಿಯಮ್ ವಿನಿಮಯ. 1998ರಲ್ಲಿ ಪಾಲ್ ಕ್ನೋಶೆಲ್ ಗುಂಪು ತೋರಿಸಿದ್ದು ಇದನ್ನೇ: ಎಸ್ಟರ್ ಅಥವಾ ನೈಟ್ರೈಲ್ ಇರುವ ಅರೈಲ್ ಅಯೋಡೈಡ್‌ಗೆ (ಬೆಂಜೀನ್ ತರಹದ ರಿಂಗ್‌ಗೆ ಅಯೋಡಿನ್ ಅಂಟಿದ ಅಣುವಿಗೆ) ತಣ್ಣಗೆ, ಸುಮಾರು ಮೈನಸ್ 40 ಡಿಗ್ರಿಯಲ್ಲಿ, ಐಸೋಪ್ರೊಪೈಲ್ ಮೆಗ್ನೀಸಿಯಮ್ ರಿಯೇಜೆಂಟ್ ಹಾಕಿದರೆ ಅಯೋಡಿನ್ ಮತ್ತು ಮೆಗ್ನೀಸಿಯಮ್ ಜಾಗ ಬದಲಿಸಿಕೊಳ್ಳುತ್ತವೆ, ಎಸ್ಟರ್ ಹಾಗೇ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಇದು: ಎಲೆಕ್ಟ್ರಾನ್ ಸೆಳೆಯುವ ಗುಂಪುಗಳು ರಿಂಗ್ ಮೇಲಿದ್ದರೆ ಈ ವಿನಿಮಯ ಇನ್ನೂ ಬೇಗ ಆಗುತ್ತದೆ. ಪಟ್ಟಿಯಲ್ಲಿ ‘ಇರಬಾರದು’ ಅಂತ ಬರೆದ ಎಸ್ಟರ್, ನೈಟ್ರೈಲ್ ಇಲ್ಲಿ ಸಹಾಯಕ್ಕೇ ನಿಲ್ಲುತ್ತವೆ.

ಹೀಗೆ ಈಥೈಲ್ 4-ಅಯೋಡೋಬೆಂಜೋಯೇಟ್‌ನಿಂದ ರಿಯೇಜೆಂಟ್ ಮಾಡಿ, ತಣ್ಣಗಿರುವಾಗಲೇ ಬೆಂಜಾಲ್ಡಿಹೈಡ್ ಹಾಕಿ. ಆಲ್ಡಿಹೈಡ್ ಮುಂಚೆ ಪ್ರತಿಕ್ರಿಯಿಸುತ್ತದೆ, ಎಸ್ಟರ್ ಇರುವ ಸೆಕೆಂಡರಿ ಆಲ್ಕೋಹಾಲ್ ಸಿಗುತ್ತದೆ. ಹೆಚ್ಚು ಬಿಸಿ ಮಾಡಿದರೆ ಆಟ ಮುಗಿಯಿತು.

ಬ್ರೋಮೈಡ್‌ಗಳು ಈ ವಿನಿಮಯಕ್ಕೆ ಸೋಮಾರಿ. 2004ರಲ್ಲಿ ಅದೇ ಗುಂಪು ಲಿಥಿಯಂ ಕ್ಲೋರೈಡ್ ಸೇರಿಸಿತು, ಅದನ್ನೇ ಈಗ ಟರ್ಬೋ ಗ್ರಿನ್ಯಾರ್ ಅನ್ನುತ್ತಾರೆ. ಗುಂಪುಗಟ್ಟಿ ಕೂತ ಮೆಗ್ನೀಸಿಯಮ್ ಅಣುಗಳನ್ನು ಈ ಉಪ್ಪು ಒಡೆದು ಚುರುಕು ಮಾಡುತ್ತದೆ ಅನ್ನುವುದು ವಿವರಣೆ. ನೈಟ್ರೋ ಗುಂಪಿಗೆ ಮಾತ್ರ ಐಸೋಪ್ರೊಪೈಲ್ ಬೇಡ, ಅದು ನೈಟ್ರೋ ಮೇಲೇ ಬೀಳುತ್ತದೆ. ಅಲ್ಲಿ ಫಿನೈಲ್ ಮೆಗ್ನೀಸಿಯಮ್ ಕ್ಲೋರೈಡ್ ಬಳಸುತ್ತಾರೆ, ಮೈನಸ್ 40ರಲ್ಲಿ. ಆಲ್ಡಿಹೈಡ್ ಇರುವ ಅಣುವಾದರೆ ತಣ್ಣಗೆ ಮಾಡುವುದನ್ನು ನಂಬಬೇಡಿ, ಅಸಿಟಾಲ್ ಮಾಡಿ ಮುಚ್ಚಿ.

ಈಥರ್, ಟರ್ಷಿಯರಿ ಅಮೀನ್, ಸಾಮಾನ್ಯ ಆಲ್ಕೀನ್, ಒಳಗಿನ ಆಲ್ಕೈನ್, ಅರೈಲ್ ಫ್ಲೋರೈಡ್ ಇವುಗಳಿಗೆ ಸಾಧಾರಣವಾಗಿ ಚಿಂತೆ ಇಲ್ಲ. ಆದರೆ ಗುಂಪು ಎಲ್ಲಿದೆ ಅಂತ ಒಮ್ಮೆ ನೋಡಿ. ಈಥರ್ ಆಕ್ಸಿಜನ್ ಮೆಗ್ನೀಸಿಯಮ್‌ನಿಂದ ಬೀಟಾ ಜಾಗದಲ್ಲಿದ್ದರೆ (ನಡುವೆ ಎರಡು ಕಾರ್ಬನ್ ಇದ್ದರೆ) ಅದು ಕಳಚಿಕೊಂಡು ಆಲ್ಕೀನ್ ಆಗುತ್ತದೆ, 2-ಬ್ರೋಮೋಈಥೈಲ್ ಈಥೈಲ್ ಈಥರ್‌ಗೆ ಮೆಗ್ನೀಸಿಯಮ್ ಹಾಕಿದರೆ ಗ್ರಿನ್ಯಾರ್ ಬದಲು ಈಥಿಲೀನ್ ಬರುತ್ತದೆ. ಅರೈಲ್ ಫ್ಲೋರೈಡ್ ಕೂಡ ಆರ್ಥೋದಲ್ಲಿದ್ದು (ಮೆಗ್ನೀಸಿಯಮ್ ಇರುವ ಕಾರ್ಬನ್‌ನ ಪಕ್ಕದಲ್ಲೇ ಇದ್ದು) ಬಿಸಿಯಾದರೆ, ಎರಡೂ ಕಳಚಿಕೊಂಡು ಬೆಂಜೈನ್ ಅನ್ನುವ ಅತಿ ಚುರುಕಾದ ಅಣುವಿನ ಕಡೆ ಹೊರಳುತ್ತದೆ.