ಎಂಜಲೆಲೆ, ಹರಕೆ ಮತ್ತು ಕಾನೂನು: ಕರಾವಳಿಯ ಒಂದು ಹಳೇ ಜಗಳ

ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನದ ಗಲಾಟೆ ನೆನಪಿದೆ ಅಲ್ವಾ? ಚಂಪಾಷಷ್ಠಿಯ ಹೊತ್ತಿಗೆ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ. ಇದು ಮನುಷ್ಯರಿಗೆ ಅವಮಾನ, ನಿಲ್ಲಿಸಿ ಎಂದು ಒಂದು ಕಡೆಯವರು ಹೇಳಿದರೆ, ನಮ್ಮ ಹರಕೆ ನಮ್ಮದು, ನಿಮಗೇನು ಎಂದು ಇನ್ನೊಂದು ಕಡೆಯವರು ಕೇಳಿದರು. ಹಾಗೆ ಕೇಳಿದವರಲ್ಲಿ ಮಲೆಕುಡಿಯರೂ ಇದ್ದರು, ಅಲ್ಲಿನ ತೇರು ಕಟ್ಟುವ ಸಮುದಾಯ. ವಿಷಯ ಕಷ್ಟವಾಗಿದ್ದು ಅಲ್ಲೇ.

ಕರಾವಳಿಗೆ ಈ ಪ್ರಶ್ನೆ ಹೊಸದಲ್ಲ. ಉಡುಪಿಯ ಶಿರೂರು ಮಠದ ಕೇಸಿನಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಒಂದು ಧರ್ಮಕ್ಕೆ ಯಾವ ಆಚರಣೆ ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಮೂರು ವರ್ಷ ಕಳೆದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು ಬಂತು. ದೇವಸ್ಥಾನ ನಡೆಸುತ್ತಿದ್ದ ಗೌಡ ಸಾರಸ್ವತ ಬ್ರಾಹ್ಮಣರು, ಒಳಗೆ ಯಾರು ಬರಬೇಕು ಅನ್ನುವುದು ನಮ್ಮ ಧರ್ಮದ ವಿಚಾರ ಎಂದರು. ಹೌದು, ಧರ್ಮದ ವಿಚಾರವೇ ಎಂದು ಕೋರ್ಟ್ ಒಪ್ಪಿತು. ಒಪ್ಪಿಯೂ, ಸಾರ್ವಜನಿಕ ದೇವಸ್ಥಾನದ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು ಎಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮುದಾಯಕ್ಕೇ ಬಿಟ್ಟಿತು. ನಂಬಿಕೆ ನಿಜವಾದದ್ದೇ ಇರಬಹುದು, ಆದರೂ ಅದಕ್ಕೆ ಮಿತಿ ಇದೆ ಎಂದು ಇಷ್ಟು ನೇರವಾಗಿ ಹೇಳಿದ ತೀರ್ಪು ಇದು. ನನಗೆ ಬಹಳ ಮುಖ್ಯ ಅನಿಸುವುದೂ ಇದೇ.

ಕುಕ್ಕೆಯ ವಿಷಯದಲ್ಲಿ ಕೋರ್ಟುಗಳು ಹಿಂದೆ ಮುಂದೆ ಓಡಾಡಿದವು. ಎಂಜಲೆಲೆ ಬೇಡ, ದೇವರಿಗಿಟ್ಟ ಎಡೆಯ ಮೇಲೆ ಉರುಳಲಿ ಎಂದು 2012ರಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2014ರಲ್ಲಿ ಹೈಕೋರ್ಟ್ ಮಡೆಸ್ನಾನಕ್ಕೆ ಅವಕಾಶ ಕೊಟ್ಟಾಗ ಆ ಆದೇಶಕ್ಕೂ ಸುಪ್ರೀಂ ಕೋರ್ಟಿನಿಂದ ತಡೆ ಬಂತು.

ಕೊನೆಗೆ 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಪಾಸಾಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು. ಬೆತ್ತಲೆ ಸೇವೆ, ಮೈಗೆ ಕೊಕ್ಕೆ ಸಿಕ್ಕಿಸಿ ತೂಗುವ ಸಿಡಿ, ಕೆನ್ನೆಗೆ ಸರಳು ಚುಚ್ಚುವ ಬಾಯಿಬೀಗ ಎಲ್ಲ ನಿಷೇಧದ ಪಟ್ಟಿಯಲ್ಲಿವೆ. ಜ್ಯೋತಿಷ್ಯ, ವಾಸ್ತು, ಕೂದಲನ್ನು ಕೈಯಿಂದ ಕಿತ್ತುಕೊಳ್ಳುವ ಜೈನರ ಕೇಶಲೋಚನಕ್ಕೆ ವಿನಾಯಿತಿ ಇದೆ. ಮಡೆಸ್ನಾನಕ್ಕೆ ಬಂದಾಗ, ಎಂಜಲೆಲೆಯ ಮೇಲೆ ಉರುಳಲು ಅನುಕೂಲ ಮಾಡಿಕೊಡುವುದು ತಪ್ಪು ಎನ್ನುತ್ತದೆ ಆ ಪಟ್ಟಿ. ಹರಕೆ ಹೊತ್ತು ಬಂದ ಬಡಪಾಯಿಗಿಂತ ಎಲೆ ಹಾಸಿ ಕೊಡುವವರ ಕಡೆ ಬೆರಳು ತೋರಿಸಿದ್ದು ಸರಿಯಾದ ಕೆಲಸ.

ತಾವಾಗೇ ಉರುಳುವವರನ್ನು ತಡೆಯಲು ನಾವ್ಯಾರು, ಬ್ರಾಹ್ಮಣರೂ ಉರುಳುತ್ತಿದ್ದರಲ್ಲ ಎಂಬ ವಾದವೂ ಇತ್ತು. ಇರಬಹುದು. ಆದರೆ ಉರುಳುವವರು ಯಾರೇ ಆಗಲಿ, ಎಲೆ ಮಾತ್ರ ಬ್ರಾಹ್ಮಣರದ್ದೇ. ಇನ್ನೊಬ್ಬರ ನಂಬಿಕೆಯನ್ನು ಸಹಿಸೋಣ, ಅದು ಒಂದು ಜಾತಿಯ ಎಂಜಲನ್ನು ಉಳಿದವರಿಗೆ ಔಷಧಿ ಮಾಡುವ ತನಕ. ಕುಕ್ಕೆ ಮುಜರಾಯಿ ದೇವಸ್ಥಾನ, ಯಾರದೋ ಮನೆಯಲ್ಲ. ಸರ್ಕಾರದ ಕೈಯಲ್ಲಿರುವ ಯಾವ ದೇವಸ್ಥಾನದಲ್ಲೂ ಜಾತಿ ನೋಡಿ ಊಟದ ಪಂಕ್ತಿ ಹಾಕಬಾರದು. ಉರುಳುವುದನ್ನು ನಿಲ್ಲಿಸಿದಷ್ಟೇ ಗಟ್ಟಿಯಾಗಿ ಅದನ್ನೂ ನಿಲ್ಲಿಸಬೇಕು.