ಹೀರಿ ದೀಪ ಆರಿಸಲಾಗದು: ಬಾಲ್ಸಾ ಜೆಟ್ಟಿನ ಬಾಯಿಯ ಗುಟ್ಟು

ಉರಿಯುವ ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರೆಳೆದು ಆರಿಸಲು ಹೋದರೆ ಎದೆ ನೋಯುತ್ತದೆಯೇ ಹೊರತು ಕುಡಿ ಅಲ್ಲಾಡುವುದಿಲ್ಲ. ಊದಿದ ಗಾಳಿ ಒಂದೇ ಧಾರೆಯಾಗಿ ನೆಟ್ಟಗೆ ಹೋಗುತ್ತದೆ. ಹೀರುವಾಗ ಹಾಗಲ್ಲ, ಮುಂದಿನಿಂದ, ಪಕ್ಕದಿಂದ, ತುಟಿಯ ಹಿಂದಿನಿಂದಲೂ ಗಾಳಿ ನುಗ್ಗುತ್ತದೆ. ಬಾಲ್ಸಾ ಎಂಬ ಹಗುರ ಮರದಲ್ಲಿ ಡಕ್ಟೆಡ್ ಫ್ಯಾನ್ (ಕೊಳವೆಯೊಳಗೆ ತಿರುಗುವ ಫ್ಯಾನು) ಇರುವ ಮಾಡೆಲ್ ಜೆಟ್ ಕಟ್ಟುವವರು ಬಹುಪಾಲು ಸೋಲುವುದು ಇದನ್ನು ಮರೆತು.

ಈ ಮಾಡೆಲ್ಲಿನೊಳಗೆ ಬೆಂಕಿಯಿಲ್ಲ. 70 ಮಿ.ಮೀ. ಕೊಳವೆ, ಅದರಲ್ಲಿ 12 ಅಲಗಿನ ಫ್ಯಾನು, ಬೆನ್ನಿಗೆ ಬ್ರಷ್‌ಲೆಸ್ ಮೋಟಾರು, ನಾಲ್ಕು ಸೆಲ್ಲಿನ ಲಿಪೋ ಬ್ಯಾಟರಿ. ನೆಲದ ಮೇಲೆ ನಿಂತು ಪೂರ್ತಿ ಥ್ರಾಟಲ್ ಕೊಟ್ಟಾಗ ಗಾಳಿ ತುಟಿಯ, ಅಂದರೆ ಕೊಳವೆ ಬಾಯಿಯ ಅಂಚಿನ, ಹಿಂದಿನಿಂದ ಬಂದು, ಅದನ್ನು ಬಳಸಿ, ಯು ತಿರುವು ಹೊಡೆದು ಒಳಗೆ ಹೋಗಬೇಕು. ಅಂಚು ಚೂಪಾಗಿದ್ದರೆ ತಿರುಗಲಾಗದೆ ಗೋಡೆ ಬಿಟ್ಟು ಸುಳಿಯಾಗುತ್ತದೆ. ಜಾತ್ರೆ ಮುಗಿದ ಮೇಲೆ ಬಸ್ಸಿನ ಬಾಗಿಲಿಗೆ ಎರಡೂ ಪಕ್ಕದಿಂದ ಮುಗಿಬೀಳುವ ಜನರನ್ನು ನೆನೆಯಿರಿ: ಬಾಗಿಲು ಎರಡಡಿ ಇದ್ದರೂ ಒಳಹೋಗುವ ದಾರಿ ಒಂದಡಿಯದು. ಫ್ಯಾನಿನ ಹೊರಸುತ್ತಿಗೆ, ಅಂದರೆ ಅಲಗು ಅತಿ ಹೆಚ್ಚು ದುಡಿಯುವ ಜಾಗಕ್ಕೇ ಈ ಸುಳಿ ಬಂದು ಬಡಿಯುತ್ತದೆ.

ಇದರ ಮದ್ದು ನೀರಿನ ಕೊಡದ ಬಾಯಲ್ಲಿದೆ. ಕೊಡದ ಕಂಠ ಹೊರಕ್ಕೆ ಬಾಗಿರುವಂತೆ ತುಟಿಯನ್ನೂ ಬಾಗಿಸಬೇಕು. 6 ಮಿ.ಮೀ. ಬಾಲ್ಸಾದ ಎರಡು ಉಂಗುರಗಳನ್ನು ಎಳೆ ಅಡ್ಡಡ್ಡ ಬರುವಂತೆ ಅಂಟಿಸಿ, ಮರಳು ಕಾಗದದಲ್ಲಿ ಸುಮಾರು 6 ಮಿ.ಮೀ. ತ್ರಿಜ್ಯಕ್ಕೆ ಉಜ್ಜಿದರೆ 70ರ ಫ್ಯಾನಿಗೆ ಸಾಕು. ಅಸಲಿ ವಿಮಾನದ ತುಟಿ ತೆಳ್ಳಗಿದೆ, ನಕಲು ಹಾಗೇ ಇರಬೇಕು ಎನ್ನುವವರಿಗೆ ಒಂದು ಮಾತು: ನೆಟ್ಟಗೆ ಏರುವ ಹ್ಯಾರಿಯರ್‌ಗೂ ಬಾಯಿಯ ಸುತ್ತ ತಾನಾಗಿ ತೆರೆದುಕೊಳ್ಳುವ ಪುಟ್ಟ ಬಾಗಿಲುಗಳ ಸಾಲು ಬೇಕಾಯಿತು. ಮಾಡೆಲ್ಲಿನಲ್ಲಿ ಹೆಚ್ಚಿನ ಗಾಳಿ ಎಳೆದುಕೊಳ್ಳುವ ಆ ಕೆಲಸಕ್ಕೆ ಹೊಟ್ಟೆಯಡಿ, ಫ್ಯಾನಿಗಿಂತ ತುಸು ಮುಂದೆ, ಕಳ್ಳಕಿಂಡಿ ಕೊರೆಯುತ್ತಾರೆ. ನೋಟಕ್ಕೆ ಕಾಣದು, ಗಾಳಿಗೆ ಕಾಣುತ್ತದೆ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ರೂಪಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಮಾಡೆಲ್ಲಿಗೆ ಈ ಕಿಂಡಿ ಬಿಟ್ಟರೆ ಗತಿಯಿಲ್ಲ. 1961ರ ಜೂನ್ 17ರಂದು ಮೊದಲು ಹಾರಿದ ಆ ವಿಮಾನದ ರೆಕ್ಕೆಯಗಲ 9 ಮೀಟರ್, 12ರಲ್ಲಿ ಒಂದಕ್ಕೆ ಇಳಿಸಿದರೆ 75 ಸೆಂ.ಮೀ. ಎರಡು ಪಕ್ಕದ ಸಣ್ಣ ಬಾಯಿಗಳು, ಅವುಗಳ ನಡುವೆ ಅರ್ಧ ಶಂಕುಗಳು, ಆಮೇಲೆ ಬಳುಕಿದ ಸೊಂಟ: ಜೆಟ್ ಎಂಜಿನ್ನಿಗೆ ಸರಿ, ತಣ್ಣನೆಯ ಗಾಳಿಯನ್ನೇ ರಾಶಿ ರಾಶಿ ನುಂಗಬೇಕಾದ ಫ್ಯಾನಿಗೆ ಇಕ್ಕಟ್ಟು. ಅಂದಹಾಗೆ, ಮಾರುತ್‌ಗಿಂತ ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, ಡಕೋಟಾ ಸಾಗಣೆ ವಿಮಾನದ ಹಿಂದೆ ಎಳೆದೊಯ್ದು ಹಾರಿಸಿ ನೋಡಿದ್ದರು. ಮರದ ಮಾರುತ್ ಹೊಸದೇನಲ್ಲ.

ಇನ್ನು ಬಾಲದ ಮೂಢನಂಬಿಕೆ. ಗಿಡಕ್ಕೆ ನೀರು ಬಿಡುವ ಪೈಪಿಗೆ ಹೆಬ್ಬೆರಳಿಟ್ಟರೆ ನೀರು ದೂರ ಚಿಮ್ಮುತ್ತದಲ್ಲ, ಹಾಗೆಯೇ ಹಿಂಬದಿ ಕಿರಿದಾದಷ್ಟೂ ಜೋರು ಎಂಬ ಎಣಿಕೆ. ಪೈಪಿನ ಹಿಂದೆ ಟ್ಯಾಂಕಿನ ಒತ್ತಡ ನಿಂತಿರುತ್ತದೆ. ಫ್ಯಾನಿನ ಹಿಂದೆ ಟ್ಯಾಂಕಿಲ್ಲ. ಒತ್ತಡ ಮಿತಿ ಮೀರಿದರೆ ಅಲಗಿನ ಮೇಲಿನ ಗಾಳಿ ಕಿತ್ತುಕೊಂಡು, ಸಿಳ್ಳಿನಂಥ ಸದ್ದು ಒರಟು ಗೊರಗೊರ ಆಗುತ್ತದೆ. ಲೆಕ್ಕ ಸುಲಭ: 70ರ ವೃತ್ತದಿಂದ ಅಲಗುಗಳು ಕೂರುವ ನಡುವಿನ 36 ಮಿ.ಮೀ. ಗುಬ್ಬಿಯನ್ನು ಕಳೆದರೆ ಸುಮಾರು 2,830 ಚದರ ಮಿ.ಮೀ. ಅದರ ಶೇ. 90 ಬೇಕೆಂದರೆ ಬಾಲದ ತೂತು 57 ಮಿ.ಮೀ. ಚೆಂದಕ್ಕೆಂದು 50ಕ್ಕೆ ಇಳಿಸಿದಿರೋ, ಶೇ. 69ಕ್ಕೆ ಬಂತು.

57ರ ತೂತಿನಿಂದ ಗಾಳಿ ಸೆಕೆಂಡಿಗೆ 65 ಮೀಟರ್ ವೇಗದಲ್ಲಿ ಹೊರಟರೆ ಸಿಗುವ ನೂಕುಬಲ ಸುಮಾರು 1.3 ಕಿಲೋ. ನಷ್ಟವೇ ಇಲ್ಲವೆಂದುಕೊಂಡರೂ ಅದಕ್ಕೆ 420 ವ್ಯಾಟ್ ಬೇಕು. ಅಷ್ಟೇ ನೂಕುಬಲಕ್ಕೆ 10 ಇಂಚಿನ ಬರೀ ಪ್ರೊಪೆಲ್ಲರಿಗೆ 130 ವ್ಯಾಟ್ ಸಾಕು. ಕಡಿಮೆ ಗಾಳಿಯನ್ನು ಜೋರಾಗಿ ನೂಕುವುದು ದುಬಾರಿ. ನಷ್ಟಗಳೂ ಸೇರಿ 60 ಆಂಪಿಯರ್ ಹೀರಿದರೆ 3,000 ಎಂಎಎಚ್ ಬ್ಯಾಟರಿಗೆ ಪೂರ್ತಿ ಥ್ರಾಟಲಿನಲ್ಲಿ ಮೂರೇ ನಿಮಿಷ ಆಯುಷ್ಯ. ಅದಕ್ಕೇ ಒಂದೊಂದು ಗ್ರಾಮಿಗೂ ಜಗಳ. 1.5 ಮಿ.ಮೀ. ದಪ್ಪ, 10 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಹಲಗೆ 18 ಗ್ರಾಮಿಗಿಂತ ಹೆಚ್ಚು ತೂಗಿದರೆ ಹೊದಿಕೆಗೆ ಬೇಡ. ಬಾಗಿಸುವಾಗ ಹೊರಮೈಗಷ್ಟೇ ನೀರು ಸವರಿ, ಆ ಮುಖ ಉಬ್ಬಿ ಹಲಗೆ ತಾನೇ ಬಾಗುತ್ತದೆ.

ಹಿಂದಿನ ಕೊಳವೆಗೆ 0.4 ಮಿ.ಮೀ. ಪ್ಲೈವುಡ್ಡನ್ನು ಶಂಕುವಾಗಿ ಸುತ್ತಿ, ಜೋಡಣೆಯನ್ನು ಒಳಗಿನಿಂದ ನುಣ್ಣಗೆ ಮಾಡಿ. ಫ್ಯಾನಿನ ಕವಚಕ್ಕೆ ಸೇರುವಲ್ಲಿ ಒಂದು ಮಿ.ಮೀ. ಮೆಟ್ಟಿಲೂ ಬೇಡ. ಫ್ಯಾನು ಹೊರತೆಗೆಯಲು ಮುಚ್ಚಳ ಇಡದೆ ಹೊದಿಕೆ ಹಾಕಿದರೆ ಮೊದಲ ರಿಪೇರಿಗೇ ಹೊಟ್ಟೆ ಸೀಳಬೇಕಾಗುತ್ತದೆ. ಫ್ಯಾನಿನ ಸಮತೂಕವನ್ನು ಹಗುರವಾಗಿ ಕಾಣಬೇಡಿ: 35,000 ಆರ್‌ಪಿಎಂನಲ್ಲಿ, ನಡುವಿನಿಂದ 2 ಸೆಂ.ಮೀ. ದೂರದ 0.1 ಗ್ರಾಂ ವ್ಯತ್ಯಾಸ 2.7 ಕಿಲೋ ಬಲದಿಂದ ಬೇರಿಂಗನ್ನು ಜಗ್ಗುತ್ತದೆ. ಪರೀಕ್ಷಿಸುವಾಗ ತಿರುಗುವ ಅಲಗಿನ ಪಕ್ಕಕ್ಕೆ ನಿಲ್ಲಬೇಡಿ, ಮುರಿದ ಚೂರು ಹಾರುವುದು ಆ ದಿಕ್ಕಿಗೇ.

ಪ್ರೊಪೆಲ್ಲರ್ ವಿಮಾನದಲ್ಲಿ ಮೂಗಿನ ಗಾಳಿ ಬಾಲಕ್ಕೆ ಬೀಸುವುದರಿಂದ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ಆರಂಭದಿಂದಲೇ ಮಾತು ಕೇಳುತ್ತದೆ. ಇಲ್ಲಿ ಗಾಳಿಯೆಲ್ಲ ಕೊಳವೆಯೊಳಗೆ, ವೇಗ ಬರುವವರೆಗೆ ಎಲಿವೇಟರ್ ಕಿವುಡು. ಕೈಯಿಂದ ಎಸೆದ ತಕ್ಷಣ ಮೂಗೆತ್ತಿದರೆ ರೆಕ್ಕೆ ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಮಗುಚುತ್ತದೆ. ಮಟ್ಟಸವಾಗಿ ಎಸೆದು, ತುಸು ಇಳಿಯಲು ಬಿಟ್ಟು, ವೇಗ ಹಿಡಿದ ಮೇಲೆ ಮೆಲ್ಲಗೆ ಮೂಗೆತ್ತಬೇಕು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಶೇ. 8ರಷ್ಟು ತೆಳು, ಅದೇ ಆರ್‌ಪಿಎಂಗೆ ನೂಕುಬಲವೂ ಅಷ್ಟು ಕಡಿಮೆ, ಮಂಗಳೂರಿನಲ್ಲಿ ಸಲೀಸಾಗಿ ಏರಿದ್ದು ಇಲ್ಲಿ ಹುಲ್ಲು ತಾಕಬಹುದು. ಇಳಿಸುವಾಗಲೂ ಥ್ರಾಟಲನ್ನು ಪೂರ್ತಿ ಕಳೆಯಬೇಡಿ. ಫ್ಯಾನು ಮತ್ತೆ ವೇಗ ಹಿಡಿದು ವಿಮಾನವನ್ನು ಎತ್ತಲು ಪ್ರೊಪೆಲ್ಲರಿಗಿಂತ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ನೆಲ ಬಂದಿರುತ್ತದೆ.