ಕಲ್ಲಿದ್ದಲಿನ ಪಾಳಿ ಬದಲಾಗಿದೆ

"ಎಲ್ಲಾ ಕಡೆ ಸೋಲಾರ್ ಬಂತಲ್ರೀ ಸರ, ನಿಮ್ಮ ಶಕ್ತಿನಗರ ಯಾವಾಗ ಬಂದ್ ಆಗ್ತದ?" ರಾಯಚೂರಿನಲ್ಲಿ ಹೀಗೆ ಕೇಳದವರೇ ಕಮ್ಮಿ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಪಕ್ಕ ಕೆಲಸ ಮಾಡುವ ನನಗೆ ಕಾಣುವುದು ಬೇರೆ. ಇಲ್ಲಿ ಬಂದ್ ಆಗುತ್ತಿಲ್ಲ, ಪಾಳಿ ಬದಲಾಗುತ್ತಿದೆ.

ನಮ್ಮ ರಾಜ್ಯದ ಕರೆಂಟ್ ಶುರುವಾದದ್ದು ನೀರಿನಿಂದ. 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಮೇಲೆ ಜೋಗ, ಶರಾವತಿ, ಇತ್ತ ಮುನಿರಾಬಾದ್. ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡುತ್ತಿತ್ತು. 1985ರಲ್ಲಿ ಶಕ್ತಿನಗರದ ಮೊದಲ ಯೂನಿಟ್, ಅಂದರೆ ಕರೆಂಟ್ ಹುಟ್ಟಿಸುವ ಘಟಕ, ಬಂತು. ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ, ಆದರೆ ಇಲ್ಲಿ ಕೃಷ್ಣೆಯ ನೀರಿದೆ, ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಗಳೂ ತೀರಾ ದೂರವಲ್ಲ. ಈಗ ಅಲ್ಲಿ 8 ಯೂನಿಟ್, 1,720 ಮೆಗಾವ್ಯಾಟ್. ಬಳ್ಳಾರಿಯ ಕುಡತಿನಿ, ನಮ್ಮ ಯರಮರಸ್ ಸ್ಥಾವರಗಳು ಆಮೇಲಿನವು.

ಶಕ್ತಿನಗರದ ಹಳೆ ಯೂನಿಟ್‌ಗಳನ್ನು ಕಟ್ಟಿದ್ದು ಹಗಲು ರಾತ್ರಿ ಒಂದೇ ಲೋಡಿನಲ್ಲಿ ಓಡಲಿ ಅಂತ. ಈಗ ಬಿಸಿಲೇರಿ ಪಾವಗಡದ ಸೋಲಾರ್ ಜೋರಾಗುತ್ತಿದ್ದಂತೆ ಯಾವ ಸ್ಥಾವರ ಎಷ್ಟು ಕರೆಂಟ್ ಕೊಡಬೇಕೆಂದು ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿನಿಂದ "ಲೋಡ್ ಇಳಿಸಿ" ಅಂತ ಸೂಚನೆ ಬರುತ್ತದೆ. 210 ಮೆಗಾವ್ಯಾಟ್ ಯೂನಿಟ್ಟನ್ನು 120ಕ್ಕೆ ತರುವುದು ಸುಮ್ನೆ ಸ್ವಿಚ್ ಒತ್ತುವ ಕೆಲಸವಲ್ಲ. ಕಲ್ಲಿದ್ದಲು ಪುಡಿ ಮಾಡುವ ಮಿಲ್‌ಗಳನ್ನು ಒಂದೊಂದಾಗಿ ನಿಲ್ಲಿಸಬೇಕು. ಬೆಂಕಿ ಅಲ್ಲಾಡತೊಡಗಿದರೆ ಎಣ್ಣೆ ಸಿಂಪಡಿಸಿ ಉರಿಸುವ ಆಯಿಲ್ ಗನ್ ಹಾಕಿ ಹಿಡಿದುಕೊಳ್ಳಬೇಕು. ಆಯಿಲ್ ಎಷ್ಟು ದುಬಾರಿ ಅಂತ ಹೇಳಬೇಕಿಲ್ಲ ಅಲ್ವಾ? 540 ಡಿಗ್ರಿ ಆಸುಪಾಸಿನ ಉಗಿ ಹೊರುವ ಟ್ಯೂಬುಗಳು ದಿನಾ ಹಿಗ್ಗಿ ಕುಗ್ಗಿದರೆ ಎಲ್ಲೋ ಒಂದು ಕಡೆ ಲೀಕ್ ಆಗುತ್ತದೆ, ಯೂನಿಟ್ ಎರಡು ಮೂರು ದಿನ ಮಲಗುತ್ತದೆ. ಸಂಜೆ ಆಯಿತೋ, ಸೋಲಾರ್ ಸೊನ್ನೆ. ಆಗ ಎಲ್ಲಾ ಕಡೆಯಿಂದ ಒಂದೇ ಮಾತು: ಏರಿಸಿ.

2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಗ್ಯಾಸ್, ಡೀಸೆಲ್ ಬಿಟ್ಟು ಬೇರೆ ಮೂಲಗಳದ್ದಾಯಿತು. ಸಂತೋಷವೇ. ಆದರೆ 100 ಮೆಗಾವ್ಯಾಟ್ ಸೋಲಾರ್ ವರ್ಷವಿಡೀ ಸರಾಸರಿ ಕೊಡುವುದು 20–25 ಮಾತ್ರ. ಹಾಗಾಗಿ ಮೀಟರಿನಲ್ಲಿ ಓಡುವ ಯೂನಿಟ್‌ಗಳಲ್ಲಿ ಹತ್ತಕ್ಕೆ ಸುಮಾರು ಏಳು ಇನ್ನೂ ಕಲ್ಲಿದ್ದಲಿನವೇ.

ರೈತರ ಲೆಕ್ಕ ಬೇರೆ. ಪಂಪ್‌ಸೆಟ್ಟಿಗೆ ಹಗಲು ತ್ರೀ ಫೇಸ್ ಕೊಡಲು ಅನುಕೂಲವಾಗಿದ್ದು ಸೋಲಾರಿನಿಂದಲೇ. ಹಾವು ಚೇಳಿನ ಭಯದಲ್ಲಿ ಸರಿರಾತ್ರಿ ನೀರು ಹಾಯಿಸಿದವರಿಗೆ ಅದರ ಬೆಲೆ ಗೊತ್ತು.

ಹಗಲಿನ ಕರೆಂಟನ್ನು ರಾತ್ರಿಗೆ ಎತ್ತಿಡುವ ಬ್ಯಾಟರಿಗಳು ಸಾಕಷ್ಟು ಬರುವವರೆಗೆ ಸಂಜೆಯ ಪಾಳಿ ಕಲ್ಲಿದ್ದಲಿನದ್ದೇ. ಹಾಗಂತ 1985ರ ಕಾಲದ ಯೂನಿಟ್‌ಗಳನ್ನು ದಿನಾ ಏರಿಸಿ ಇಳಿಸಿ ಹಣ್ಣು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಯರಮರಸ್‌ನ 800 ಮೆಗಾವ್ಯಾಟ್ ಘಟಕಗಳು ಒಂದು ಯೂನಿಟ್ ಕರೆಂಟಿಗೆ ಕಮ್ಮಿ ಕಲ್ಲಿದ್ದಲು ಸುಡುತ್ತವೆ. ಈ ಏರಿಳಿತಕ್ಕೆ ಮೊದಲು ಅವನ್ನು ತಯಾರು ಮಾಡಲಿ, ಹಳೆಯವಕ್ಕೆ ರಿಟೈರ್‌ಮೆಂಟ್ ಕೊಡಲಿ.